ಮಣ್ಣೆತ್ತಿನ ಕಣ್ಣಿಗೆ ಯಾವ ಬಣ್ಣ, ಎಷ್ಟನೇ ನಂಬರಿನ ಬ್ರಶ್ಶು?

ಸೇಡಂ: ಕಾರಹುಣ್ಣಿಮೆಗೆ ಎತ್ತಿನ ಕೊಂಬಿಗೆ ಬಳಿದು ಉಳಿದ ಆಯಿಲ್ ಪೇಂಟಿನ ಡಬ್ಬಿ ಮನೆಯ ಗೂಡಿನಲ್ಲಿ ಹದಿನೈದು ದಿನ ಸುಮ್ಮನೆ ಕೂತಿರುತ್ತದೆ. ಅಷ್ಟರಲ್ಲಿ ಮಣ್ಣೆತ್ತಿನ ಅಮಾವಾಸ್ಯೆ ಬಂದೇ ಬಿಡುತ್ತದೆ. ಕುಂಬಾರರ ಮನೆಯಿಂದ ತಂದದ್ದೋ, ಹೊಲದ ಎರೆಮಣ್ಣು ಕಲಸಿ ಮನೆಯಲ್ಲೇ ಮಾಡಿದ್ದೋ, ಜೋಡೆತ್ತು ಕಟ್ಟೆಯ ಮೇಲೆ ಒಣಗುತ್ತಿರುವಾಗ ಹುಡುಗರ ಕಣ್ಣು ಆ ಡಬ್ಬಿಯ ಮೇಲೆ ಬೀಳುತ್ತದೆ.

"ಎವ್ವಾ, ಎತ್ತಿಗಿ ಬಣ್ಣ ಹಚ್ತೀನಿ."

"ಹಚ್ಚು ಹೋಗಪ್ಪಾ. ಗೂಡಿನ್ಯಾಗ ಡಬ್ಬಿ ಅದ ನೋಡು."

ಅಲ್ಲಿಗೆ ಎತ್ತಿನ ಕಥೆ ಮುಗಿದಂತೆಯೇ. ಅರ್ಧ ತಾಸಿನಲ್ಲಿ ಕಣ್ಣು, ಮೂಗು, ಹಣೆಗಟ್ಟು, ಇಣಿ ಎಲ್ಲವೂ ಒಂದೇ ಹಸಿರು ಲೇಪದ ಕೆಳಗೆ ಹೂತುಹೋಗಿರುತ್ತವೆ. ಬಣ್ಣ ಮರುದಿನಕ್ಕೂ ಅಂಟಂಟು. ಹುಡುಗನ ಕೈ ಎರಡು ದಿನವಾದರೂ ಬಿಡದು. ಕೊನೆಗೆ ಸೀಮೆಎಣ್ಣೆ ಹಚ್ಚಿ ತಿಕ್ಕಿ, ಬೈಗುಳ ತಿಂದು, ಹಬ್ಬ ಮುಗಿಯುತ್ತದೆ.

ಸಣ್ಣ ಗೊಂಬೆಗೆ ಬಣ್ಣ ಹಚ್ಚುವುದು ಹುಡುಗರ ಆಟವೆಂದು ತಳ್ಳಿಹಾಕುವವರೇ ಹೆಚ್ಚು. ಆದರೆ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯ ಕಡೆ ವರ್ಷದಲ್ಲಿ ಮೂರು ತಿಂಗಳಾದರೂ ಈ ಆಟ ನಡೆದೇ ಇರುತ್ತದೆ. ಮಣ್ಣೆತ್ತಾದ ಮೇಲೆ ಪಂಚಮಿಯ ನಾಗಪ್ಪ, ಅದಾದ ಮೇಲೆ ಚೌತಿಯ ಗಣಪತಿ, ಬೆನ್ನಿಗೇ ಜೋಕುಮಾರ. ಇತ್ತೀಚೆಗೆ ಸಿಮೆಂಟ್ ಕಾಲೊನಿಗಳ ಹುಡುಗರ ಕೈಗೆ ಪ್ಲಾಸ್ಟಿಕ್ ಸಿಪಾಯಿ, ವಿಮಾನದ ಮಾದರಿಗಳೂ ಪಾರ್ಸೆಲ್‌ನಲ್ಲಿ ಬರತೊಡಗಿವೆ. ಎಲ್ಲರದ್ದೂ ಒಂದೇ ಪ್ರಶ್ನೆ: ಯಾವ ಬಣ್ಣ ತರೋದು, ಎಂಥ ಬ್ರಶ್ಶು ತರೋದು?

ಅಂಗಡಿಗೆ ಹೋಗುವ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ ಇದೆ. ಈ ಗೊಂಬೆ ಕೊನೆಗೆ ಹೋಗುವುದೆಲ್ಲಿಗೆ? ನೀರಿಗೋ, ಕಪಾಟಿಗೋ? ಇದನ್ನು ಕೇಳದೆ ಬಣ್ಣ ಕೊಂಡವರು ರೊಕ್ಕವನ್ನೂ ಕಳೆದುಕೊಳ್ಳುತ್ತಾರೆ, ಹಳ್ಳದ ನೀರನ್ನೂ ಕೆಡಿಸುತ್ತಾರೆ.

ನೀರಿಗೆ ಬಿಡುವ ಎತ್ತು, ಗಣಪತಿಗಳಿಗೆ ಆಯಿಲ್ ಪೇಂಟೂ ಬೇಡ, ಅಕ್ರಿಲಿಕ್ಕೂ ಬೇಡ. ಅಕ್ರಿಲಿಕ್ ನೀರಿನಲ್ಲಿ ಕಲಸುವ ಬಣ್ಣವೇ ಹೌದು. ಆದರೆ ಒಣಗಿತೆಂದರೆ ಅದು ತೆಳ್ಳನೆಯ ಪ್ಲಾಸ್ಟಿಕ್ ಪದರ. ಮಣ್ಣು ಕರಗಿ ಹೋದರೂ ಅದರ ಚಕ್ಕೆ ಕಾಗಿಣಾ ನದಿಯಲ್ಲೇ ತೇಲುತ್ತಿರುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರಲ್ಲಿ ಪರಿಷ್ಕರಿಸಿದ ಮೂರ್ತಿ ವಿಸರ್ಜನೆಯ ಮಾರ್ಗಸೂಚಿಯೂ ವಿಷಕಾರಿ ರಾಸಾಯನಿಕ ಬಣ್ಣ ಬೇಡ, ನೀರಿನಲ್ಲಿ ಕರಗುವ ನೈಸರ್ಗಿಕ ಬಣ್ಣ ಇರಲಿ ಎನ್ನುತ್ತದೆ. ಹಾಗಂತ ಬಣ್ಣವೇ ಇಲ್ಲದೆ ಕೂರಬೇಕಾಗಿಲ್ಲ. ಸುಣ್ಣದ ಕಲ್ಲಿನ ನಾಡು ಇದು, ಬಿಳುಪಿಗೇನು ಬರವೇ? ಕೆಂಪಿಗೆ ಚಿಂಚೋಳಿಯ ಕಡೆಯ ಕೆಮ್ಮಣ್ಣನ್ನು ಕುಟ್ಟಿ, ತೆಳುಬಟ್ಟೆಯಲ್ಲಿ ಸೋಸಿದರೆ ಸಾಕು. ಕಪ್ಪಿಗೆ ಇದ್ದಿಲು. ಹಳದಿಗೆ ಅರಿಶಿನ. ಇವನ್ನು ಹಿಡಿದು ನಿಲ್ಲಿಸುವುದಕ್ಕೆ ಜಾಲಿ ಗಿಡದ ಅಂಟನ್ನು ನೀರಿನಲ್ಲಿ ನೆನೆಹಾಕಿ ತೆಗೆದ ರಸ. ಅಂಟು ಕಡಿಮೆಯಾದರೆ ಬಣ್ಣ ಕೈಗೆ ಬರುತ್ತದೆ, ಹೆಚ್ಚಾದರೆ ಒಣಗಿ ಚಕ್ಕೆ ಏಳುತ್ತದೆ. ಒಂದು ಹೆಂಚಿನ ಚೂರಿನ ಮೇಲೆ ಹಚ್ಚಿ ನೋಡಿ ಹದ ಮಾಡಿಕೊಳ್ಳಬೇಕು.

ಇಲ್ಲೊಂದು ಫಜೀತಿ ಇದೆ. ಎತ್ತಿಗೆ ಸುಣ್ಣ ಬಳಿದು, ಅದರ ಮೇಲೆ ಅರಿಶಿನದ ಜೂಲು ಬರೆಯಲು ಹೋದರೆ ಹಳದಿ ಹೋಗಿ ಕೆಂಪಾಗುತ್ತದೆ! ಅರಿಶಿನಕ್ಕೆ ಸುಣ್ಣ ಸೇರಿದರೆ ಕುಂಕುಮದ ಬಣ್ಣ ಬರುವುದು ಮನೆಯ ಹೆಂಗಸರಿಗೆಲ್ಲ ಗೊತ್ತು, ಬ್ರಶ್ಶು ಹಿಡಿದ ಹುಡುಗನಿಗೆ ಮಾತ್ರ ನೆನಪಿರುವುದಿಲ್ಲ. ಹಳದಿ ಹಳದಿಯಾಗಿಯೇ ಉಳಿಯಬೇಕಾದರೆ ಅಡಿಗೆ ಸುಣ್ಣದ ಬದಲು ಸೀಮೆಸುಣ್ಣದ ಪುಡಿ ಇರಲಿ. ಅರಿಶಿನ ಬಿಸಿಲಿಗೆ ಬೇಗ ಮಾಸುವುದೂ ನಿಜ. ನಾಳೆ ನೀರಿಗೆ ಹೋಗುವ ಎತ್ತಿಗೆ ಅದೊಂದು ದೊಡ್ಡ ಮಾತಲ್ಲ.

ಇನ್ನು ಆಯಿಲ್ ಪೇಂಟಿನ ಮಾತು. ಹಾರ್ಡ್‌ವೇರ್ ಅಂಗಡಿಯ ಎನಾಮೆಲ್ ಬಾಗಿಲಿಗೆ, ಕಿಟಕಿಗೆ, ಟ್ರ್ಯಾಕ್ಟರಿಗೆ ಒಳ್ಳೆಯದು. ಗೇಣುದ್ದದ ಗೊಂಬೆಗೆ ಅದು ದಪ್ಪ. ತೆಳು ಮಾಡಲು ಟರ್ಪೆಂಟೈನ್ ಬೇಕು, ಅದರ ವಾಸನೆ ಮುಚ್ಚಿದ ಕೋಣೆಯಲ್ಲಿ ಮಕ್ಕಳಿಗೆ ತಲೆನೋವು ತರುತ್ತದೆ. ಇದಕ್ಕಿಂತ ದೊಡ್ಡ ಅಂಜಿಕೆ ಸೀಸದ್ದು. ಹಳದಿ, ಕೇಸರಿ, ಕೆಂಪು ಬಣ್ಣಗಳ ಝಗಝಗಕ್ಕೆ ಸೀಸದ ಸಂಯುಕ್ತಗಳನ್ನು ಬಳಸುತ್ತಿದ್ದುದು ಹಳೆಯ ಪದ್ಧತಿ. ಕೇಂದ್ರ ಸರ್ಕಾರ 2016ರಲ್ಲಿ ಹೊರಡಿಸಿದ ನಿಯಮ 2017ರ ನವೆಂಬರ್ 1ರಿಂದ ಜಾರಿಗೆ ಬಂದಿದ್ದು, ಮನೆಬಳಕೆಯ ಮತ್ತು ಅಲಂಕಾರದ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರುವಂತಿಲ್ಲ. ಹೊಸ ಡಬ್ಬಿಯ ಮೇಲೆ ಸೀಸದ ಬಗ್ಗೆ ಏನು ಬರೆದಿದೆ ಎಂದು ಓದಬಹುದು. ಆದರೆ ಗೂಡಿನಲ್ಲಿ ಕೂತ ಡಬ್ಬಿ ಯಾವ ಕಾಲದ್ದು? ಕಾರ್ಖಾನೆಗಳಿಗೆಂದು ಬಂದ ಬಣ್ಣ ಯಾರದೋ ಕೈಯಿಂದ ಅರ್ಧ ಡಬ್ಬಿ ಮನೆಗೆ ಬಂದಿದ್ದರೆ ಅದರ ಲೆಕ್ಕ ಯಾರು ಕೇಳಬೇಕು? ಮಕ್ಕಳ ಮೈಗೆ ಸೀಸ ಎಷ್ಟು ಸೇರಿದರೆ ಅಪಾಯವಿಲ್ಲ ಎಂಬ ಮಿತಿಯೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಅದು ಮಿದುಳಿಗೇ ಹೋಗಿ ಕೂರುವ ವಿಷ.

ಬಣ್ಣ ಹೊಟ್ಟೆಗೆ ಹೋಗುವುದಾದರೂ ಹೇಗೆ? ಹುಡುಗರನ್ನು ಒಂದು ತಾಸು ನೋಡುತ್ತ ಕೂತರೆ ತಿಳಿಯುತ್ತದೆ. ಬ್ರಶ್ಶಿನ ತುದಿ ಕೆದರಿತೆಂದರೆ ಅದನ್ನು ತುಟಿಗೆ ಒತ್ತಿ ಮೊನೆ ಮಾಡುತ್ತಾರೆ. ಯಾರೂ ಕಲಿಸಿಕೊಟ್ಟದ್ದಲ್ಲ, ತಾನಾಗಿ ಬರುವ ಚಾಳಿ. ಅಮೆರಿಕದ ನ್ಯೂಜೆರ್ಸಿ ರಾಜ್ಯದ ಆರೆಂಜ್ ಎಂಬ ಊರಿನ ಕಾರ್ಖಾನೆಯಲ್ಲಿ 1917ರಿಂದ ಹರೆಯದ ಹುಡುಗಿಯರು ಗಡಿಯಾರದ ಅಂಕಿಗಳಿಗೆ ಕತ್ತಲಲ್ಲಿ ಹೊಳೆಯುವ ರೇಡಿಯಂ ಬಣ್ಣ ಹಚ್ಚುತ್ತಿದ್ದರು. ಅಂಕಿ ಸಣ್ಣದು, ಬ್ರಶ್ಶಿಗೆ ಮೊನೆ ಬೇಕು, ಹೀಗಾಗಿ ತುಟಿಗೆ ಒತ್ತಿ ಹಚ್ಚಬೇಕೆಂದು ಅವರಿಗೆ ಹೇಳಿಕೊಟ್ಟಿದ್ದರು. ದವಡೆಯ ಎಲುಬು ಕರಗಿ ಹಲವರು ಸತ್ತರು. ಬದುಕುಳಿದ ಐವರು ಕೋರ್ಟಿಗೆ ಹೋಗಿ 1928ರಲ್ಲಿ ಪರಿಹಾರ ಪಡೆದರು. ಮಣ್ಣೆತ್ತಿನ ಬಣ್ಣದಲ್ಲಿ ರೇಡಿಯಂ ಇಲ್ಲ, ಒಪ್ಪೋಣ. ಆದರೆ ದೇವರಿಗೆ ಹಚ್ಚುವ ಹಳೇ ಪದ್ಧತಿಯ ಸಿಂಧೂರ ಸೀಸದ ಆಕ್ಸೈಡ್ ಎಂಬುದು ಎಷ್ಟು ಮನೆಗಳಿಗೆ ಗೊತ್ತು? ಅದನ್ನೇ ಅಂಟಿನಲ್ಲಿ ಕಲಸಿ ಗೊಂಬೆಗೆ ಹಚ್ಚಿ, ಆ ಬ್ರಶ್ಶನ್ನು ತುಟಿಗಿಟ್ಟರೆ? ಬ್ರಶ್ಶಿನ ಮೊನೆಯನ್ನು ಒದ್ದೆ ಬಟ್ಟೆಯ ಮೇಲೆ ಹೊರಳಿಸಿ ಮಾಡಿಕೊಳ್ಳಬೇಕು. ಮಕ್ಕಳಿಗೆ ಇದನ್ನು ಮೊದಲ ದಿನವೇ, ಬೇಕಾದರೆ ಕಿವಿ ಹಿಂಡಿ, ಹೇಳಿಕೊಡಬೇಕು.

ಈಗ ಕಪಾಟಿನಲ್ಲಿ ಉಳಿಯುವ ಗೊಂಬೆಗೆ ಬರೋಣ. ಸುಟ್ಟ ಮಣ್ಣಿನ ಗೊಂಬೆ, ಕಟ್ಟಿಗೆಯದು, ಪ್ಲಾಸ್ಟಿಕ್ಕಿನದು ಯಾವುದೇ ಇರಲಿ, ಹೊಸಬರಿಗೆ ಅಕ್ರಿಲಿಕ್ಕೇ ಲೇಸು. ಪುಸ್ತಕದ ಅಂಗಡಿಗಳಲ್ಲಿ ಸುಲಭಕ್ಕೆ ಸಿಗುವುದು ಪೋಸ್ಟರ್ ಕಲರ್. ಅಗ್ಗ, ಬಣ್ಣವೂ ಗಟ್ಟಿ. ಕಲಬುರಗಿಯಲ್ಲಿ ಹುಟ್ಟಿ ಮುಂಬಯಿಯಲ್ಲಿ ಹೆಸರು ಮಾಡಿದ ಚಿತ್ರಕಾರ ಎಸ್.ಎಂ. ಪಂಡಿತರು (1916–1993) ತೈಲವರ್ಣದ ಜೊತೆಗೆ ಹೆಚ್ಚಾಗಿ ಬಳಸಿದ್ದು ಗುವಾಶ್, ಅಂದರೆ ಪೋಸ್ಟರ್ ಬಣ್ಣದ ಅಣ್ಣತಮ್ಮ. ಆದರೆ ಕಾಗದದ ಮಾತು ಬೇರೆ, ಗೊಂಬೆಯ ಮಾತು ಬೇರೆ. ಪೋಸ್ಟರ್ ಬಣ್ಣ ಒಣಗಿದ ಮೇಲೂ ನೀರು ತಾಕಿದರೆ ಮತ್ತೆ ಕರಗುತ್ತದೆ. ಎತ್ತಿನ ಮೈಗೆ ಬಿಳಿ ಹಚ್ಚಿ, ಅದರ ಮೇಲೆ ಕೆಂಪು ಜೂಲು ಬರೆಯಲು ಹೋದರೆ ಎರಡೂ ಸೇರಿ ಗುಲಾಬಿ ರಾಡಿ. ಬೆವರಿನ ಕೈಯಲ್ಲಿ ಹಿಡಿದರೂ ಬೆರಳಿಗೆ ಬರುತ್ತದೆ. ಅಕ್ರಿಲಿಕ್ ಹಾಗಲ್ಲ. ಒಂದು ಪದರ ಒಣಗಿದರೆ ಮೇಲಿನ ಪದರಕ್ಕೆ ಜಗ್ಗುವುದಿಲ್ಲ, ತಪ್ಪಿದರೆ ಒಣಗಿದ ಮೇಲೆ ಮುಚ್ಚಿ ಮತ್ತೆ ಬರೆಯಬಹುದು. ಹೊಸಬರಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇರೇನು? ಬಟ್ಟೆಗೆ ಹಚ್ಚುವ ಫ್ಯಾಬ್ರಿಕ್ ಕಲರೂ ಇದೇ ಜಾತಿಯದು. ಮನೆಯಲ್ಲಿ ಇದ್ದರೆ ಬಳಸಬಹುದು, ಒಣಗಿದ ಮೇಲೂ ಸ್ವಲ್ಪ ಮೆತ್ತಗೆ ಉಳಿದು ಧೂಳು ಹಿಡಿಯುತ್ತದೆಯಷ್ಟೆ. ಕೇಕಿನಂತಿರುವ ವಾಟರ್ ಕಲರ್ ಡಬ್ಬ ಮಾತ್ರ ಗೊಂಬೆಯ ಕೆಲಸಕ್ಕೆ ಬಾರದು.

ಇಪ್ಪತ್ನಾಲ್ಕು ಬಣ್ಣದ ಪೆಟ್ಟಿಗೆ ತರುವ ಉತ್ಸಾಹ ಬೇಡ. ಅದರಲ್ಲಿ ಹದಿನೆಂಟು ಒಣಗಿ ಕಲ್ಲಾಗುತ್ತವೆ. ಬಿಳಿ, ಕಪ್ಪು, ಹಳದಿ, ಕೆಂಪು, ನೀಲಿ ಮತ್ತು ಕಾವಿಯಂಥ ಒಂದು ಕಂದು, ಆರು ಸಾಕು. ಬಿಳಿಯದು ಮಾತ್ರ ದೊಡ್ಡ ಬಾಟ್ಲಿ ಇರಲಿ, ಎಲ್ಲಕ್ಕಿಂತ ಮೊದಲು ಖಾಲಿಯಾಗುವುದು ಅದೇ. ಕೇಸರಿ, ಹಸಿರು ಕಲಸಿಕೊಂಡರಾಯಿತು. ಮೈಬಣ್ಣಕ್ಕೆ ಕಂದು, ಹಳದಿ, ಬಿಳಿ, ತುಸು ಕೆಂಪು. ನೆರಳಿಗೆ ಕಪ್ಪು ಸುರಿಯುವುದು ಹೊಸಬರ ದೊಡ್ಡ ತಪ್ಪು. ಕಂದು ಸೇರಿಸಿದರೆ ಬಣ್ಣ ಸಾಯುವುದಿಲ್ಲ. ಬಂಗಾರದ ಬಣ್ಣ ಬೇಕೇ ಬೇಕು ಎನ್ನುವವರು ಅದಕ್ಕೆಂದೇ ಬೇರೆ ಬ್ರಶ್ಶು, ಬೇರೆ ನೀರಿನ ಲೋಟ ಇಡಬೇಕು. ಇಲ್ಲದಿದ್ದರೆ ಗಣಪತಿಯ ಕಿರೀಟದ ಮಿಂಚು ಇಲಿಯ ಮೂತಿಯ ಮೇಲೂ ಹೊಳೆಯುತ್ತದೆ.

ಬ್ರಶ್ಶಿನ ವಿಷಯದಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ. ಗೊಂಬೆ ಸಣ್ಣದು, ಆದ್ದರಿಂದ ಬ್ರಶ್ಶೂ ಅತಿ ಸಣ್ಣದಿರಬೇಕೆಂದು ಮೂರು ಸೊನ್ನೆಯ ಬ್ರಶ್ಶು ಕೇಳುತ್ತಾರೆ. ನಾಲ್ಕೇ ಕೂದಲಿನ ಆ ಬ್ರಶ್ಶು ಹಿಡಿಯುವ ಬಣ್ಣ ಎಷ್ಟು? ಬಣ್ಣದ ತಟ್ಟೆಯಿಂದ ಎತ್ತಿನ ಕಣ್ಣಿಗೆ ಬರುವಷ್ಟರಲ್ಲಿ, ಅದರಲ್ಲೂ ನಮ್ಮ ಕಡೆಯ ಬೇಸಿಗೆಯ ಝಳಕ್ಕೆ, ತುದಿಯಲ್ಲೇ ಒಣಗಿರುತ್ತದೆ. ಒಂದನೇ ಅಥವಾ ಎರಡನೇ ನಂಬರಿನ ದುಂಡು ಬ್ರಶ್ಶು ಸಾಕು, ಮೊನೆ ಮಾತ್ರ ಸೂಜಿಯಂತಿರಬೇಕು. ಹೊಟ್ಟೆಯಲ್ಲಿ ಬಣ್ಣ, ತುದಿಯಲ್ಲಿ ಸೂಜಿ, ಹಾಗಿದ್ದರೆ ಬ್ರಶ್ಶು. ಅದರ ಜೊತೆ ಮೈಗೆಲ್ಲ ಬಳಿಯಲು ನಾಲ್ಕನೇ ನಂಬರಿನ ಚಪ್ಪಟೆಯದೊಂದು, ಧೂಳು ಹೊಡೆಯಲು ಹಳೆಯದೊಂದು. ಮೂರೇ.

ಕೊಳ್ಳುವಾಗ ಅಂಗಡಿಯವರಿಗೆ, "ಕಾಕಾ, ಒಂದ್ ಗ್ಲಾಸ್ ನೀರ್ ಕೊಡ್ರಿ" ಎನ್ನಬೇಕು. ಕುಡಿಯಲಿಕ್ಕೆಂದು ತಿಳಿದು ಕೊಡುತ್ತಾರೆ! ಬ್ರಶ್ಶು ಅದ್ದಿ, ಒಮ್ಮೆ ಝಾಡಿಸಿ ನೋಡಿದರೆ ಒಳ್ಳೆಯದು ತಾನಾಗಿ ಮೊನೆಗೂಡುತ್ತದೆ, ಕೆಟ್ಟದ್ದು ಕಸಬರಿಗೆಯಂತೆ ಎರಡಾಗಿ ಸೀಳುತ್ತದೆ. ಅಂಟು ಹಾಕಿ ಮೊನೆ ಮಾಡಿಟ್ಟ ಹೊಸ ಬ್ರಶ್ಶನ್ನು ಒಣದಲ್ಲಿ ನೋಡಿ ನಂಬಬಾರದು. "ತಗೊಳ್ಳೋದು ಸಣ್ಣ ಬ್ರಶ್ಶು, ಪರೀಕ್ಷಾ ನೋಡಿದ್ರ ಎತ್ತಿನ ಹಲ್ಲು ನೋಡ್ದಂಗ ಮಾಡ್ತೀರಿ" ಅಂತ ಅಂಗಡಿಯವರು ನಕ್ಕರೆ ನಗಲಿ.

ಕೂದಲು ಯಾವುದರದು ಎಂಬುದನ್ನೂ ಕೇಳಬೇಕು. ಪರದೇಶದ ಸೇಬಲ್ ಬ್ರಶ್ಶು ದುಬಾರಿ. ನಮ್ಮ ಸುರಪುರದ ಕಿರುಚಿತ್ರಗಳೂ ಸೇರಿದಂತೆ ಹಿಂದಿನ ಕಿರುಚಿತ್ರಕಾರರಿಗೆ ಅಳಿಲಿನ ಬಾಲದ ಕೂದಲೇ ಆಧಾರ. ಈಗ ಸಿಂಥೆಟಿಕ್ ಕೂದಲಿನದು ಅಕ್ರಿಲಿಕ್ಕಿಗೆ ಚೆನ್ನಾಗಿ ಬಾಳುತ್ತದೆ. ಎಚ್ಚರವಿರಬೇಕಾದ್ದು ಮುಂಗುಸಿ ಕೂದಲಿನ ಬ್ರಶ್ಶಿನ ಬಗ್ಗೆ. ಮುಂಗುಸಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿರುವ ಪ್ರಾಣಿ. ಅದರ ಕೂದಲಿನ ಬ್ರಶ್ಶು ಮಾರುವುದು ಅಪರಾಧ. 2019ರಲ್ಲಿ ವನ್ಯಜೀವಿ ಅಪರಾಧ ನಿಯಂತ್ರಣ ಬ್ಯೂರೊ 'ಆಪರೇಷನ್ ಕ್ಲೀನ್ ಆರ್ಟ್' ಹೆಸರಿನಲ್ಲಿ ಉತ್ತರ ಪ್ರದೇಶದ ಬ್ರಶ್ ತಯಾರಿಕೆಯ ಊರು ಶೇರ್‌ಕೋಟ್ ಸೇರಿ ಹಲವು ಕಡೆ ದಾಳಿ ಮಾಡಿತ್ತು. ಆ ಕೂದಲು ತುದಿಗೆ ಕಪ್ಪುಗಂದು, ನಡುವೆ ಕೆನೆಬಣ್ಣ, ಬುಡಕ್ಕೆ ಮತ್ತೆ ಕಪ್ಪು. 2011ರಲ್ಲಿ ಘೋಷಣೆಯಾದ ಚಿಂಚೋಳಿ ವನ್ಯಧಾಮದ ಆಸುಪಾಸಿನ ಹೊಲದ ಬದುವಿನಲ್ಲಿ ಹಾವು ಹಿಡಿದು ರೈತನಿಗೆ ಉಪಕಾರ ಮಾಡುವ ಪ್ರಾಣಿಯ ಜೀವ, ಒಂದು ಬ್ರಶ್ಶಿಗಾಗಿ ಬೇಕೆ?

ತಂದ ಬ್ರಶ್ಶನ್ನು ವಾರದಲ್ಲಿ ಕೆಡಿಸುವ ವಿದ್ಯೆಯೂ ಎಲ್ಲರಿಗೂ ಬರುತ್ತದೆ. ಕೂದಲು ಕೆಳಗಾಗಿ ನೀರಿನ ಲೋಟದಲ್ಲಿ ನಿಲ್ಲಿಸಿ ಊಟಕ್ಕೆ ಹೋಗುವುದು ಅದರಲ್ಲಿ ಮೊದಲನೆಯದು. ತುದಿ ಡೊಂಕಾದರೆ ಮತ್ತೆ ನೇರವಾಗದು. ಲೋಹದ ಪಟ್ಟಿಯವರೆಗೆ ಬಣ್ಣದಲ್ಲಿ ಮುಳುಗಿಸುವುದು ಎರಡನೆಯದು. ಅಲ್ಲಿ ಒಣಗಿದ ಅಕ್ರಿಲಿಕ್ ಹೊರಗೆ ಬರದೆ ಕೂದಲು ಕೆದರುತ್ತದೆ. ಅರ್ಧ ಕೂದಲಷ್ಟೇ ಅದ್ದಿ, ಕೆಲಸ ಮುಗಿದ ತಕ್ಷಣ ಮೈತೊಳೆಯುವ ಸಾಬೂನಿನಲ್ಲಿ ಅಂಗೈಮೇಲೆ ಮೆತ್ತಗೆ ತಿಕ್ಕಿ, ಮೊನೆ ಮಾಡಿ, ಅಡ್ಡ ಮಲಗಿಸಿ ಒಣಗಿಸಬೇಕು.

ವಾಡಿ, ಶಹಾಬಾದ್ ಕಡೆಯವರಿಗೆ ಇನ್ನೆರಡು ಕಿರಿಕಿರಿ. ಒಂದು ಧೂಳು. 1968ರಿಂದ ಸಿಮೆಂಟ್ ಊರಾಗಿರುವ ವಾಡಿಯಲ್ಲಿ ಹಸಿ ಬಣ್ಣದ ಗೊಂಬೆಯನ್ನು ಮಾಳಿಗೆ ಮೇಲೆ ಒಣಗಲಿಟ್ಟು ಬಂದರೆ ಸಂಜೆಗೆ ಅದರ ಮೈ ಮರಳುಕಾಗದ. ಬೋರಲು ಹಾಕಿದ ರಟ್ಟಿನ ಡಬ್ಬಿಯ ಕೆಳಗೆ ನೆರಳಲ್ಲಿ ಒಣಗಿಸುವುದೇ ದಾರಿ. ಮಣ್ಣಿನ ಗೊಂಬೆಯೂ ಬಿಸಿಲಿಗಿಟ್ಟರೆ ಸೀಳು ಬಿಡುತ್ತದೆ, ಅದಕ್ಕೂ ನೆರಳೇ ಸರಿ. ಎರಡನೆಯದು ನೀರು. ಸುಣ್ಣಕಲ್ಲಿನ ನೆಲದ ಬೋರಿನ ಗಡಸು ನೀರಿನಲ್ಲಿ ಬಣ್ಣ ತೆಳು ಮಾಡಿದರೆ ಒಣಗಿದ ಮೇಲೆ ಬಿಳಿ ಪೊರೆ ಕಾಣುವುದುಂಟು. ಕುಡಿಯಲೆಂದು ತಂದ ಫಿಲ್ಟರ್ ನೀರು ಅರ್ಧ ಲೋಟ ಇದಕ್ಕೂ ಇರಲಿ. ಮನೆ ಮುಂದೆ ಬಿದ್ದ ಶಹಾಬಾದಿ ಫರಸಿಯ ಚೂರನ್ನೇ ಬಣ್ಣದ ತಟ್ಟೆ ಮಾಡಿಕೊಳ್ಳುವವರಿದ್ದಾರೆ. ಪಾಲಿಶ್ ಆಗದ ಫರಸಿ ನೀರು ಹೀರುತ್ತದೆ, ಬಣ್ಣ ಗಟ್ಟಿಯಾಗುತ್ತದೆ. ಸ್ಟೀಲಿನ ಬಸಿಯಲ್ಲಿ ಒದ್ದೆ ಬಟ್ಟೆ ಹಾಸಿ, ಮೇಲೊಂದು ಬೆಣ್ಣೆಕಾಗದ ಇಟ್ಟು ಅದರ ಮೇಲೆ ಬಣ್ಣ ಕಲಸಿದರೆ ಬೇಸಿಗೆಯಲ್ಲೂ ತಾಸುಗಟ್ಟಲೆ ಹಸಿಯಾಗಿರುತ್ತದೆ.

ಬಣ್ಣಕ್ಕಿಂತ ಮುಂಚಿನ ಕೆಲಸವನ್ನು ಯಾರೂ ಲೆಕ್ಕಕ್ಕೆ ತರುವುದಿಲ್ಲ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರನ್ನು ನೋಡಿ. ಹಗುರ ಕಟ್ಟಿಗೆಯ ಭಾಗಗಳನ್ನು ಹುಣಸೆಬೀಜದ ಅಂಟಿನಿಂದ ಕೂಡಿಸಿ, ನೆನೆಸಿ ಒಣಗಿಸಿ ಪುಡಿ ಮಾಡಿದ ಗೋಣಿನಾರನ್ನು ಅದೇ ಅಂಟಿನಲ್ಲಿ ಕಲಸಿದ 'ಕಿಟ್ಟ'ದಿಂದ ಮೈ ತಿದ್ದಿ, ಮೇಲೆ ಬೆಣಚುಕಲ್ಲಿನ ಪುಡಿ, ಅಂಟು ಸೇರಿಸಿದ ಲೇಪ ಕೊಟ್ಟು, ಅಷ್ಟೆಲ್ಲ ಆದ ಮೇಲೆ ಬಣ್ಣದ ಬ್ರಶ್ಶು ಮುಟ್ಟುತ್ತಾರೆ. 1975ರಲ್ಲಿ ಆರಂಭವಾದ ಇಂಗ್ಲೆಂಡಿನ ಗೇಮ್ಸ್ ವರ್ಕ್‌ಶಾಪ್‌ನಂಥ ಕಂಪನಿಗಳ ಒಂದಂಗುಲ ಎತ್ತರದ ಸಿಪಾಯಿಗಳಿಗೆ ಬಣ್ಣ ಹಚ್ಚುವವರೂ ಪ್ರೈಮರ್ ಇಲ್ಲದೆ ಮುಂದೆ ಹೋಗುವುದಿಲ್ಲ. ಪ್ಲಾಸ್ಟಿಕ್ಕನ್ನು ಮೊದಲು ಸಾಬೂನು ನೀರಿನಲ್ಲಿ ತೊಳೆಯಬೇಕು, ಜಿಡ್ಡಿದ್ದರೆ ಬಣ್ಣ ನಿಲ್ಲದು. ಸುಟ್ಟ ಮಣ್ಣಿಗೆ ಬಿಳಿ ಅಕ್ರಿಲಿಕ್ಕನ್ನೇ ತೆಳುವಾಗಿ ಬಳಿದರೂ ನಡೆಯುತ್ತದೆ. ಸುಡದ ಹಸಿಮಣ್ಣಿನ ಎತ್ತಿಗೆ ಮಾತ್ರ ಕೈ ಹಗುರ ಬೇಕು. ನೀರು ಹೆಚ್ಚಾದರೆ ಬಣ್ಣದ ಜೊತೆ ಎತ್ತಿನ ಮೂಗೂ ಕರಗಿ ಬ್ರಶ್ಶಿಗೆ ಬಂದುಬಿಡುತ್ತದೆ. ಒಮ್ಮೆ ಒತ್ತಿ ಬಿಡಬೇಕು, ಉಜ್ಜಬಾರದು.

ಬಣ್ಣ ಯಾವುದೇ ಇರಲಿ, ಹದ ಹಾಲಿನಂತಿರಬೇಕು. ಒಂದೇ ಸಲ ಮುಚ್ಚುವ ಹಟ ಬೇಡ, ಎರಡು ತೆಳು ಪದರ, ನಡುವೆ ಒಣಗುವಷ್ಟು ತಾಳ್ಮೆ. ಆಳದ ಜಾಗ ಮೊದಲು, ಉಬ್ಬಿದ್ದು ಆಮೇಲೆ. ಬೆನ್ನು, ಜೂಲು, ಕೊಂಬು, ಗೊರಸು, ಕೊನೆಗೆ ಕಣ್ಣು.

ಕಣ್ಣಿನಲ್ಲಿ ಕೈ ನಡುಗದವರಿಲ್ಲ. ಹಳ್ಳಿಗಳಲ್ಲಿ ಜೋಳದ ಕಾಳು ಒತ್ತಿ ಕಣ್ಣು ಮಾಡುವ ಹಿರಿಯರು ಜಾಣರೇ ಸರಿ. ಬಣ್ಣದಲ್ಲೇ ಮಾಡಬೇಕೆಂದರೆ ಬಿಳಿಯನ್ನು ಬ್ರಶ್ಶಿನಿಂದ ಹಚ್ಚಿ, ಒಣಗಿದ ಮೇಲೆ ಕರಿ ಗುಡ್ಡೆಯನ್ನು ಕಸಬರಿಗೆಯ ಕಡ್ಡಿಯ ತುದಿಯಿಂದ ಇಡಬಹುದು. ಎರಡೂ ಮೊಣಕೈ ಮೇಜಿಗೆ ಊರಿ, ಮಣಿಕಟ್ಟಿಗೆ ಮಣಿಕಟ್ಟು ಆನಿಸಿಕೊಂಡರೆ ನಡುಕ ನಿಲ್ಲುತ್ತದೆ. ಬಲಗೈಯವರಿಗೆ ಒಂದು ಪಕ್ಕದ ಕಣ್ಣು ಸುಲಭ, ಇನ್ನೊಂದು ಕಷ್ಟ. ಕಷ್ಟದ್ದನ್ನೇ ಮೊದಲು ಬರೆದು, ಅದಕ್ಕೆ ಸರಿಯಾಗಿ ಸುಲಭದ್ದನ್ನು ಹೊಂದಿಸಬೇಕು. ಗುಡ್ಡೆ ದೊಡ್ಡದಾಗಿ ಎತ್ತು ಹೆದರಿದಂತೆ ಕಂಡರೆ ಒಡನೆ ಒರೆಸಲು ಹೋಗಬಾರದು. ಹತ್ತು ನಿಮಿಷ ಬಿಟ್ಟು, ಸುತ್ತಲಿನ ಬಿಳಿಯನ್ನು ಮೊನೆಯಿಂದ ಒಳಕ್ಕೆ ತಂದರೆ ಗುಡ್ಡೆ ತಾನೇ ಸಣ್ಣದಾಗುತ್ತದೆ.